ಕಲ್ಲು ಮಾತ್ರೆ

ಒಬ್ಬರಿಗೆಂದು ಮಾಡಿದ ಮಾತ್ರೆ ಇನ್ನೊಬ್ಬರ ಹೊಟ್ಟೆಗೆ ಹೋದರೂ ಕರಗದೆ, ನುಂಗಿದ ಹುಣಸೆಬೀಜದ ಹಾಗೆ ಇದ್ದಂತೆಯೇ ಹೊರಬಂದುಬಿಟ್ಟರೆ?

ಈ ಪ್ರಶ್ನೆ ಡಾ. ಪಂಕಜಾಕ್ಷಿಯವರಿಗೆ ಹೊಳೆದದ್ದು ಪ್ರಯೋಗಾಲಯದಲ್ಲಲ್ಲ, ಒಂದು ಆರೈಕೆ ಮನೆಯ ಬೆಂಚಿನ ಮೇಲೆ. ಅಲ್ಲಿದ್ದ ಅವರ ತಾಯಿಗೆ ಪಕ್ಕದ ಮಂಚದವರ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟುಬಿಟ್ಟಿದ್ದರು. ಬೇಕೆಂದು ಮಾಡಿದ್ದಲ್ಲ. ಎರಡೂ ಮಾತ್ರೆ ಬಿಳಿ, ಎರಡೂ ದುಂಡಗೆ. ಕೊಟ್ಟ ಹುಡುಗಿ ಹದಿನಾರು ಗಂಟೆಯಿಂದ ಕಾಲ ಮೇಲೇ ನಿಂತಿದ್ದಳು. ತಾಯಿ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ, ಆಮೇಲೂ ಏಳಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಆ ಹುಡುಗಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಪಂಕಜಾಕ್ಷಿಯವರಿಗೆ ಆಗಲಿಲ್ಲ. ಸಿಟ್ಟು ಬಂದದ್ದು ಆ ಮಾತ್ರೆಯ ಮೇಲೆ. ಯಾರ ಬಾಯಿಗೆ ಹೋಗುತ್ತಿದ್ದೇನೆ ಎಂಬುದು ಅದಕ್ಕೇಕೆ ಗೊತ್ತಾಗಬಾರದು?

ಅದನ್ನು ಮಾತ್ರೆಗೆ ಕಲಿಸಲು ಅವರಿಗೆ ಹನ್ನೊಂದು ವರ್ಷ ಹಿಡಿಯಿತು.

ತತ್ವವೇನೋ ಸರಳ. ಔಷಧಿಯನ್ನು ಸಾಸಿವೆಗಿಂತ ಸಣ್ಣ ಕಾಳುಗಳಾಗಿ ಮಾಡಿ, ಒಂದೊಂದು ಕಾಳಿಗೂ ಪಿಷ್ಟದ ಚಿಪ್ಪು ತೊಡಿಸುವುದು. ಅನ್ನದಲ್ಲಿರುವ ಪಿಷ್ಟವೇ, ಆದರೆ ಅದರ ಸರಪಳಿಗೆ ಅಲ್ಲಲ್ಲಿ ಗಂಟು ಹಾಕಿರುತ್ತದೆ. ಮನುಷ್ಯನ ಜೊಲ್ಲಾಗಲಿ ಜಠರದ ಆಮ್ಲವಾಗಲಿ ಆ ಗಂಟನ್ನು ಬಿಚ್ಚಲಾರವು. ಬಿಚ್ಚಲು ಅದಕ್ಕೆಂದೇ ತಯಾರಿಸಿದ ಕಿಣ್ವ ಬೇಕು. ಒಬ್ಬೊಬ್ಬರ ಮಾತ್ರೆಗೆ ಒಂದೊಂದು ಬಗೆಯ ಗಂಟು, ಅದಕ್ಕೆ ತಕ್ಕ ಕಿಣ್ವ. ಕಿಣ್ವ ಬೆರೆಸಿದ ನೀರಿಗೆ 'ಕೀಲಿ ನೀರು' ಎಂದು ಹೆಸರು. ಮಾತ್ರೆಯನ್ನು ಲೋಟಕ್ಕೆ ಹಾಕಿ ಎರಡು ಚಮಚ ಕೀಲಿ ನೀರು ಬಿಟ್ಟರೆ ಹತ್ತು ನಿಮಿಷದಲ್ಲಿ ಕರಗುತ್ತದೆ. ಬೇರೆಯವರ ಕೀಲಿ ನೀರು ಬಿಟ್ಟರೆ ಸಂಜೆಯವರೆಗೂ ಹಾಗೇ ಕೂತಿರುತ್ತದೆ.

ಒಬ್ಬ ಹಿರಿಯರು ತೀರಿಕೊಂಡರೆ ಅವರ ಕೀಲಿ ನೀರನ್ನು ಇಬ್ಬರ ಎದುರಿಗೆ ಕುದಿಸಿಬಿಡಬೇಕು. ಕಿಣ್ವ ಸತ್ತುಹೋಗುತ್ತದೆ. ಉಳಿದ ಮಾತ್ರೆಗಳು ಆಮೇಲೆ ಯಾರಿಗೂ ಔಷಧಿಯಲ್ಲ, ಯಾರಿಗೂ ವಿಷವಲ್ಲ. ನರ್ಸುಗಳು ಅವನ್ನು 'ಕಲ್ಲು' ಎಂದೇ ಕರೆದರು. ಹಿಂದೆಲ್ಲ ಸತ್ತವರ ಮಾತ್ರೆಗಳು ಅಲಮಾರುಗಳಲ್ಲಿ ಕೊಳೆಯುತ್ತಿದ್ದವು, ಸಂಡಾಸಿಗೆ ಸುರಿದು ಕೆರೆ ಸೇರುತ್ತಿದ್ದವು, ಯಾರದೋ ಜೇಬಿನಲ್ಲಿ ಮನೆಗೆ ಹೋಗುತ್ತಿದ್ದವು. ಈಗ ಕಸದ ಬುಟ್ಟಿಗೆ ಹಾಕಿದರೆ ಮುಗಿಯಿತು. ಎರಡು ಬೀಗದ ಅಲಮಾರು ಬೇಡ, ಸುಡುವ ಕುಲುಮೆ ಬೇಡ. ಎರಡೇ ವರ್ಷದಲ್ಲಿ ಅರವತ್ತನಾಲ್ಕು ಆರೈಕೆ ಮನೆಗಳು ಈ ಪದ್ಧತಿಗೆ ಬಂದವು. ಅಷ್ಟೂ ಕಡೆ ಒಂದೇ ಒಂದು ಮಾತ್ರೆಯೂ ತಪ್ಪು ಹೊಟ್ಟೆಯಲ್ಲಿ ಕೆಲಸ ಮಾಡಲಿಲ್ಲ.

ಅರವತ್ತನಾಲ್ಕರಲ್ಲಿ ಒಂದು, ಚಿಂತಾಮಣಿಯ ಆಚೆ ಬಂಡೆಗುಡ್ಡದ ಮಗ್ಗುಲಲ್ಲಿದ್ದ 'ಬೆಳ್ಳಕ್ಕಿ'. ನಲವತ್ತು ಮಂಚ. ಅಲ್ಲಿನ ಮುಖ್ಯ ನರ್ಸು ಜಯಶೀಲಾ. ಪಂಕಜಾಕ್ಷಿಯವರು ವಾರ್ಷಿಕ ತಪಾಸಣೆಗೆ ಹೋದಾಗ ಆಕೆ ಔಷಧಿ ಕೋಣೆಯ ಮೂಲೆಯಲ್ಲಿದ್ದ ಕಬ್ಬಿಣದ ಅಲಮಾರು ತೆರೆದು ತೋರಿಸಿದ್ದರು. ಒಳಗೆ ಸಾಲಾಗಿ ಡಬ್ಬಿಗಳು. ಒಂದೊಂದರ ಮೇಲೂ ತೀರಿಹೋದವರ ಹೆಸರು, ತಾರೀಖು, ಮಾತ್ರೆಗಳ ಸಂಖ್ಯೆ, ಎರಡೆರಡು ರುಜು.

"ಇದೇನ್ ಸಿಸ್ಟರ್, ಕಲ್ಲುಗಳನ್ನೆಲ್ಲ ಇಟ್ಕೊಂಡಿದೀರಾ?" ಪಂಕಜಾಕ್ಷಿ ನಕ್ಕಿದ್ದರು. "ಕಸಕ್ಕೆ ಹಾಕಬಹುದು ಅಂತ ನಾವೇ ಬರೆದು ಕೊಟ್ಟಿದೀವಲ್ಲ."

"ಕೊಟ್ಟಿದೀರಿ ಮೇಡಂ. ಆದ್ರೆ ಇಪ್ಪತ್ತಾರು ವರ್ಷದಿಂದ ಕೈ ಹಿಂಗೇ ಪಳಗಿಬಿಟ್ಟಿದೆ. ಬೇರೆಯವರ ಔಷಧಿನ ಬುಟ್ಟಿಗೆ ಎಸೆಯೋಕೆ ಹೋದ್ರೆ ಕೈ ಬರಲ್ಲ." ಜಯಶೀಲಾ ನಾಚಿಕೊಂಡವರಂತೆ ಬಾಗಿಲು ಮುಚ್ಚಿ, ಎರಡೂ ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಕೀಲಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹಳೆಯ ಕಾಲದವರು ಎಂದುಕೊಂಡು ಪಂಕಜಾಕ್ಷಿ ಸುಮ್ಮನಾಗಿದ್ದರು.

ಅದಾಗಿ ನಾಲ್ಕು ತಿಂಗಳಿಗೆ, ಒಂದು ಮಂಗಳವಾರ ಬೆಳಿಗ್ಗೆ, ಚಿಂತಾಮಣಿಯ ಹೆದ್ದಾರಿಯಲ್ಲಿ ಅನಿಲದ ಟ್ಯಾಂಕರೊಂದು ಮಗುಚಿತು.

ಪಂಕಜಾಕ್ಷಿಯವರ ಪ್ರಯೋಗಾಲಯ ಹೊಸಕೋಟೆಯ ಹೊರವಲಯದಲ್ಲಿತ್ತು. ಅಲ್ಲಿನ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಅರವತ್ತನಾಲ್ಕು ಮನೆಗಳ ಹೆಸರಿನ ಮುಂದೆ ಅರವತ್ತನಾಲ್ಕು ಹಸಿರು ದೀಪ. ಔಷಧಿಯ ಪೆಟ್ಟಿಗೆ ಹೊತ್ತ ವ್ಯಾನುಗಳು ಎಲ್ಲಿವೆ ಎಂಬುದೂ ಅಲ್ಲೇ ಕಾಣುತ್ತಿತ್ತು. ಬೆಳ್ಳಕ್ಕಿಗೆ ಸೋಮವಾರವೇ ತಲುಪಬೇಕಿದ್ದ ವ್ಯಾನು ದಾರಿಯಲ್ಲಿ ಕೆಟ್ಟು ಒಂದು ದಿನ ತಡವಾಗಿತ್ತು. ಈಗ ಟ್ಯಾಂಕರಿನ ಹಿಂದೆ ಸಿಕ್ಕಿಹಾಕಿಕೊಂಡಿತ್ತು. ಸುತ್ತ ಎರಡು ಮೈಲಿ ಯಾವ ವಾಹನವೂ ಎಂಜಿನ್ ಚಾಲೂ ಮಾಡಕೂಡದೆಂದು ಪೊಲೀಸರು ಹಗ್ಗ ಕಟ್ಟಿದ್ದರು. ಬೆಳ್ಳಕ್ಕಿ ಆ ಹಗ್ಗದ ಒಳಗಿತ್ತು.

ಹನ್ನೊಂದು ಗಂಟೆಗೆ ಜಯಶೀಲಾರ ಫೋನು ಬಂತು.

"ಮೇಡಂ, ನಮ್ಮ ಬೈಲಪ್ಪನವರಿಗೆ ಫಿಟ್ಸ್ ಬಂದಿದೆ. ಒಂದು ಸಲ ಆಗಿ, ನಿಂತು, ಮತ್ತೆ ಬಂತು. ಅವರ ಮಾತ್ರೆ ನಿನ್ನೆಗೇ ಮುಗೀತು. ಹೊಸ ಪೆಟ್ಟಿಗೆ ಆ ವ್ಯಾನಲ್ಲಿದೆ."

ಬೈಲಪ್ಪನವರಿಗೆ ಎಪ್ಪತ್ತೆಂಟು. ಶಿಡ್ಲಘಟ್ಟದಲ್ಲಿ ನಲವತ್ತು ವರ್ಷ ರೇಷ್ಮೆ ನೂಲು ತೆಗೆದವರು. ಪಾರ್ಶ್ವವಾಯು ಹೊಡೆದ ಮೇಲೆ ನುಂಗಲು ಆಗದೆ ಊಟ, ಔಷಧಿ ಎಲ್ಲ ಮೂಗಿನ ನಳಿಗೆಯಲ್ಲೇ.

"ಇಂಜೆಕ್ಷನ್?"

"ತುರ್ತಿಗೆ ಅಂತ ಇದ್ದಿದ್ದು ಒಂದೇ. ಮೊದಲನೇ ಸಲಕ್ಕೇ ಕೊಟ್ಟಾಯ್ತು. ಡಾಕ್ಟರು ಫೋನಲ್ಲೇ ಇದಾರೆ. ಎರಡು ಮೂರು ಗಂಟೆಯೊಳಗೆ ಮಾತ್ರೆ ಒಳಗೆ ಹೋಗ್ಲೇಬೇಕು, ಇಲ್ಲಾಂದ್ರೆ ಸೆಳೆತ ನಿಲ್ಲದೇ ಹೋಗಬಹುದು ಅಂತಾರೆ. ದಾರಿ ಬಿಡೋದು ಸಂಜೆಗೇ ಅಂತೆ. ನಡ್ಕೊಂಡಾದ್ರೂ ಯಾರಾದ್ರೂ ತಂದುಕೊಡ್ಲಿ ಅಂದ್ರೆ ಹಗ್ಗದ ಒಳಗೆ ಹೊರಗಿನವರು ಒಬ್ಬರನ್ನೂ ಬಿಡ್ತಿಲ್ಲ. ಸ್ಟ್ರೆಚರಲ್ಲಿ ಹೊತ್ಕೊಂಡು ಹೋಗೋಣ ಅಂದ್ರೆ ಈ ಬಿಸಿಲಲ್ಲಿ ಎರಡು ಮೈಲಿ, ಇವರ ಸ್ಥಿತೀಲಿ ಬೇಡ ಅಂದ್ರು." ಜಯಶೀಲಾ ಉಸಿರು ತೆಗೆದುಕೊಂಡರು. "ಮೇಡಂ, ಹೋದ ಗುರುವಾರ ಚಿಕ್ಕನಾಗಮ್ಮನವರು ತೀರ್ಕೊಂಡ್ರು. ಅವರದ್ದೂ ಇದೇ ಔಷಧಿ, ಇದೇ ಪ್ರಮಾಣ. ಡಬ್ಬಿ ನನ್ನ ಅಲಮಾರಲ್ಲಿದೆ. ಅವರ ಕೀಲಿ ನೀರು ಮಾತ್ರ ಕುದಿಸಿಬಿಟ್ವಿ. ನಿಮ್ಮ ಹತ್ರ ಇನ್ನೊಂದು ಇರಬೇಕಲ್ಲ?"

"ಇಲ್ಲ ಸಿಸ್ಟರ್."

ಹೆಚ್ಚುವರಿ ಕೀಲಿ ಇರಕೂಡದು ಎಂಬುದು ಅವರದೇ ನಿಯಮ. ಒಂದು ತಿಂಗಳಿಗೆ ಬೇಕಾದಷ್ಟು ಮಾತ್ರೆ, ಅದಕ್ಕೆ ತಕ್ಕಷ್ಟೇ ಕೀಲಿ ನೀರು. ಎಲ್ಲೂ ಏನೂ ಮಿಗಬಾರದು. ಮಿಕ್ಕದ್ದೇ ಒಂದು ದಿನ ಅನಾಹುತ ಮಾಡುವುದು. ಸಭೆಗಳಲ್ಲಿ ಈ ಮಾತು ಹೇಳಿ ಅವರು ಚಪ್ಪಾಳೆ ಗಿಟ್ಟಿಸಿದ್ದರು. ಈ ಪದ್ಧತಿ ಬಂದ ಮೇಲೆ ಊರಿನ ಔಷಧಿ ಅಂಗಡಿಯವರು ಇಂಥ ಮಾತ್ರೆಗಳನ್ನು ತರಿಸುವುದನ್ನೇ ಬಿಟ್ಟಿದ್ದರು. ಈಗ ಹೊಸದಾಗಿ ಕಿಣ್ವ ತಯಾರಿಸಬೇಕೆಂದರೆ ಆರು ಗಂಟೆ ಬೇಕು, ತಯಾರಾದರೂ ದಾರಿಯಿಲ್ಲ.

"ಪುಡಿ ಮಾಡಿ ನೋಡ್ಲಾ ಮೇಡಂ?"

"ಪ್ರಯೋಜನ ಇಲ್ಲ. ಚಿಪ್ಪಿರೋದು ಒಂದೊಂದು ಕಾಳಿಗೂ. ಅರೆದ್ರೂ ಒಡೆಯಲ್ಲ. ಕಾಯಿಸಿದ್ರೆ ಚಿಪ್ಪಿಗಿಂತ ಮೊದ್ಲು ಔಷಧೀನೇ ಕೆಡುತ್ತೆ. ಅದು ತೆರೆಯೋದೇ ಇಲ್ಲ ಸಿಸ್ಟರ್. ತೆರೆಯಬಾರದು ಅಂತಲೇ ನಾನು..."

ಆಗ ಫೋನಿನ ಆ ಕಡೆ, ಸ್ವಲ್ಪ ದೂರದಿಂದ, ಇನ್ನೊಂದು ದನಿ ಕೇಳಿಸಿತು.

"ಸಿಸ್ಟರಮ್ಮ, ಆವಮ್ಮನ ಗುಳಿಗೆ ನಮ್ಮ ಹಿಟ್ಟಲ್ಲಿ ಕರಗ್ತದೆ ಕಣಮ್ಮ."

"ಯಾರದು?" ಪಂಕಜಾಕ್ಷಿ ಕೇಳಿದರು.

"ಅಶ್ವತ್ಥಮ್ಮ ಅಂತ, ನಮ್ಮ ಅಡುಗೆಯವರು ಮೇಡಂ. ಬೈಲಪ್ಪನವರ ಕೈಕಾಲು ಹಿಡ್ಕೊಳ್ಳೋಕೆ ಕರೆದಿದ್ದೆ."

"ಕರಗುತ್ತೆ ಅಂದ್ರೇನು? ಕರಗೋಕೆ ಸಾಧ್ಯವಿಲ್ಲ."

"ಸಾಧ್ಯವೋ ಅಸಾಧ್ಯವೋ ನಂಗೊತ್ತಿಲ್ಲ ಡಾಕ್ಟ್ರಮ್ಮ," ದನಿ ಹತ್ತಿರವಾಯಿತು. "ಕಣ್ಣಾರೆ ಕಂಡಿದ್ದು ಹೇಳ್ತಿವ್ನಿ. ಎರಡು ತಿಂಗಳಾಯ್ತು. ಚಿಕ್ಕನಾಗಮ್ಮ ಗುಳಿಗೆ ಬೇಡ ಅಂತ ಲೋಟ ತಳ್ಳಿದ್ರು, ಹೋಗಿ ನನ್ನ ಪಾತ್ರೇಲಿ ಬಿತ್ತು. ಆಮೇಲೆ ತೆಗೆದು ಕೊಡಾಣ ಅಂತ ಬುಟ್ಟೆ. ಒಂದು ಗಳಿಗೆ ಬಿಟ್ಟು ಕೈಯಾಡಿಸಿದ್ರೆ ಗುಳಿಗೆ ಎಲ್ಲೈತೆ? ಪಾತ್ರೇನೇ ಚೆಲ್ಲಿ ತೊಳೆದೆ. ಸಿಸ್ಟರಮ್ಮಂಗೂ ಹೇಳಿದ್ದೆ."

"ಹೇಳಿದ್ರು ಮೇಡಂ. ಬಿದ್ದಾಗಲೇ ಅರ್ಧ ಕರಗಿತ್ತೇನೋ ಅಂದ್ಕೊಂಡು ರಿಜಿಸ್ಟರಲ್ಲಿ ಬರೆದಿದೀನಿ. ಪಾತ್ರೆ ಚೆಲ್ಲಿದ್ದನ್ನೂ ಬರೆದಿದೀನಿ."

"ಪಾತ್ರೇಲಿ ಏನಿತ್ತು ಅಶ್ವತ್ಥಮ್ಮನವರೇ? ಸರಿಯಾಗಿ ಹೇಳಿ."

"ರಾಗಿ ಗಂಜಿ. ನಳಿಗೇಲಿ ಕೊಡೋರಿಗೆ ಮಾಡಿದ್ದು. ಗಂಜಿ ಗಟ್ಟಿ ಆದ್ರೆ ನಳಿಗೆ ಕಟ್ಕೊಳ್ತದೆ, ನೀರು ಮಾಡಿದ್ರೆ ಹೊಟ್ಟೆಗೆ ಏನೂ ಹೋಗಲ್ಲ. ಅದಕ್ಕೆ ಗಟ್ಟಿಯಾಗೇ ಕಾಯಿಸಿ, ಬೆರಳು ತಡ್ಕೊಳ್ಳೋ ಹಂಗೆ ಆರಿಸಿ, ಒಂದು ಚಮಚ ಮೊಳಕೆ ರಾಗಿ ಹಿಟ್ಟು ಹಾಕ್ತೀನಿ. ಹತ್ತೇ ನಿಮಿಷ, ಮಜ್ಜಿಗೆ ಹಂಗೆ ಆಯ್ತದೆ."

ಪಂಕಜಾಕ್ಷಿ ಕುರ್ಚಿಯಿಂದ ಎದ್ದು ನಿಂತರು. ಗಟ್ಟಿ ಗಂಜಿ ಮಜ್ಜಿಗೆಯಾಗಬೇಕಾದರೆ ಪಿಷ್ಟದ ಸರಪಳಿ ತುಂಡಾಗಬೇಕು. ತುಂಡು ಮಾಡುವ ಕಿಣ್ವ ಮೊಳಕೆಯಲ್ಲಿದೆ. ಒಂದಲ್ಲ, ನಾಲ್ಕೈದು ಬಗೆಯವು. ಬೀಜ ತಾನು ಕೂಡಿಟ್ಟ ಪಿಷ್ಟವನ್ನು ತಾನೇ ಒಡೆದು ತಿಂದು ಬೆಳೆಯಬೇಕು. ಎಂಥ ಗಂಟು ಎದುರಾದರೂ ಅದರ ಬಳಿ ಒಂದಲ್ಲ ಒಂದು ಕತ್ತರಿ ಇರಲೇಬೇಕು.

"ನಫೀಸಾ, ಚಿಪ್ಪಿನ ಪರೀಕ್ಷೆಯ ಪಟ್ಟಿ ತೆಗಿ. ರಾಗಿ ಮಾಲ್ಟ್ ಇದೆಯಾ?"

ಸಹಾಯಕಿ ನಫೀಸಾ ಪರದೆಯ ಮೇಲೆ ಬೆರಳು ಓಡಿಸಿದಳು. ಜೊಲ್ಲು, ಆಮ್ಲ, ಹಾಲು, ಕಾಫಿ, ಹೆಂಡ, ಸಾಬೂನು, ನಿಂಬೆರಸ... ನಲವತ್ತೊಂದು ದ್ರವಗಳು. "ಇದೆ ಮೇಡಂ, ಮೂವತ್ತಮೂರನೇದು. ಅಂಗಡಿ ಪ್ಯಾಕೆಟ್ಟಿನ ಮಾಲ್ಟ್. ಮಾತ್ರೆ ಕರಗಿಲ್ಲ."

"ಪ್ಯಾಕೆಟ್ಟಿನದು ಹುರಿದ ಹಿಟ್ಟು," ಎಂದರು ಪಂಕಜಾಕ್ಷಿ ಮೆಲ್ಲಗೆ. ಹುರಿದರೆ ಕಿಣ್ವ ಉಳಿಯುವುದಿಲ್ಲ. ಮತ್ತೆ ಫೋನಿನತ್ತ ತಿರುಗಿದರು. "ಅಶ್ವತ್ಥಮ್ಮನವರೇ, ನೀವು ಹಿಟ್ಟನ್ನ ಹುರೀತೀರಾ?"

"ಹುರಿದ್ರೆ ಘಮ್ ಅಂತದೆ, ಆದ್ರೆ ಗಂಜಿ ನೀರಾಗಲ್ಲ. ನಾನು ನೆರಳಲ್ಲಿ ಒಣಗಿಸಿ ಬೀಸಿಸೋದು."

ಮುಂದಿನ ಒಂದೂವರೆ ಗಂಟೆ ಬೆಳ್ಳಕ್ಕಿಯ ಅಡುಗೆಮನೆಯೇ ಪ್ರಯೋಗಾಲಯವಾಯಿತು. ಜಯಶೀಲಾ ಫೋನಿನ ವಿಡಿಯೊ ಹಾಕಿ ಅದನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟರು. ಪಂಕಜಾಕ್ಷಿ ಹೇಳುತ್ತ ಹೋದರು, ಅಶ್ವತ್ಥಮ್ಮ ಮಾಡುತ್ತ ಹೋದರು. ಸ್ವಲ್ಪ ಹೊತ್ತಿಗೆ ಹೇಳುವವರು ಯಾರು ಮಾಡುವವರು ಯಾರು ಎಂಬುದು ಅದಲುಬದಲಾಯಿತು.

"ಉಗುರುಬೆಚ್ಚಗಿನ ನೀರಿಗೆ ಹಿಟ್ಟು ಹಾಕಿ ಕದಡಿ."

"ಹಂಗೆ ಹಾಕಿದ್ರೆ ಗಂಟು ಕಟ್ತದೆ ಡಾಕ್ಟ್ರಮ್ಮ. ಮೊದ್ಲು ತಣ್ಣೀರಲ್ಲಿ ಕಲಸಿ, ಆಮೇಲೆ ಬಿಸಿ ಬೆರೆಸಬೇಕು."

"ಸರಿ, ಹಾಗೇ ಮಾಡಿ. ಬಟ್ಟೇಲಿ ಸೋಸಿ. ತಿಳಿನೀರು ಮಾತ್ರ ಬೇಕು."

"ಪಂಚೆ ಬಟ್ಟೆ ಎರಡು ಮಡಿಕೆ ಸಾಕಾ?"

"ನಾಲ್ಕು ಮಡಿಕೆ ಮಾಡಿ."

ಮೂರು ಲೋಟ ಇಟ್ಟರು. ಒಂದರಲ್ಲಿ ಬರೀ ಬೆಚ್ಚನೆಯ ನೀರು, ಎರಡರಲ್ಲಿ ಮೊಳಕೆಯ ತಿಳಿ. ಒಂದೊಂದಕ್ಕೂ ಚಿಕ್ಕನಾಗಮ್ಮನವರ ಒಂದೊಂದು ಮಾತ್ರೆ. ಬೆಚ್ಚಗೆ ಉಳಿಯಲೆಂದು ಅಶ್ವತ್ಥಮ್ಮ ಲೋಟಗಳನ್ನು ಸೋಲಾರ್ ನಲ್ಲಿಯ ಬಿಸಿನೀರಿನ ಪರಾತದಲ್ಲಿ ಕೂರಿಸಿ, ಐದೈದು ನಿಮಿಷಕ್ಕೆ ಬೆರಳದ್ದಿ ನೋಡಿ, ಚೊಂಬಿನಿಂದ ಬಿಸಿನೀರು ಸೇರಿಸುತ್ತಿದ್ದರು. ಪ್ರಯೋಗಾಲಯದಲ್ಲಿ ಇದೇ ಕೆಲಸ ಮಾಡುವ ಯಂತ್ರವೊಂದಿತ್ತು. ಅದನ್ನು ಸರಿಹೊಂದಿಸಲು ನಫೀಸಾಳಿಗೆ ವಾರ ಹಿಡಿದಿತ್ತು.

ಇಪ್ಪತ್ತು ನಿಮಿಷ ಕಳೆಯಿತು. ಏನೂ ಆಗಲಿಲ್ಲ. ಒಳಗಿನಿಂದ ಯಾರೋ ಕೂಗಿದರು. ಬೈಲಪ್ಪನವರಿಗೆ ಮೂರನೆಯ ಸೆಳೆತ. ಜಯಶೀಲಾ ಓಡಿದರು. ಪರದೆಯ ಮೇಲೆ ಪಂಕಜಾಕ್ಷಿಯವರಿಗೆ ಕಾಣುತ್ತಿದ್ದದ್ದು ಮೂರು ಲೋಟ, ಒಂದು ಪರಾತ, ಬಳೆ ಹಿಂದಕ್ಕೆ ಸರಿಸಿಕೊಂಡ ಅಶ್ವತ್ಥಮ್ಮನವರ ಕೈ. ತನ್ನ ಚಿಪ್ಪು ಒಡೆಯಲಿ ಎಂದು ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ಅವರು ಬೇಡಿಕೊಂಡರು.

ಮೂವತ್ತೈದನೆಯ ನಿಮಿಷಕ್ಕೆ ಅಶ್ವತ್ಥಮ್ಮ ಬಗ್ಗಿದರು. "ಡಾಕ್ಟ್ರಮ್ಮ, ಅಂಚು ಬುಡ್ತಾ ಐತೆ."

ಬರೀ ನೀರಿನಲ್ಲಿದ್ದ ಮಾತ್ರೆ ಅಲುಗಿರಲಿಲ್ಲ. ಮೊಳಕೆಯ ತಿಳಿಯಲ್ಲಿದ್ದವು ಎರಡೂ ಒಟ್ಟಿಗೇ ಮೆತ್ತಗಾಗಿ, ಕುಸಿದು, ಬೆಳ್ಳಗೆ ಹರಡತೊಡಗಿದವು. ಅಷ್ಟರಲ್ಲಿ ಹಿಂತಿರುಗಿದ ಜಯಶೀಲಾ ಒಂದು ಲೋಟದ ತಳದಿಂದ ಒಂದು ತೊಟ್ಟು ತೆಗೆದು ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ಮರಳು ಮರಳು. ಹತ್ತು ನಿಮಿಷ ಬಿಟ್ಟು ಮತ್ತೆ ತಿಕ್ಕಿದರು. ಇನ್ನೂ ಒಂದೆರಡು ಕಾಳು. ಮತ್ತೆ ಐದು ನಿಮಿಷ. ಈಗ ಏನೂ ಇಲ್ಲ.

"ಮೇಡಂ, ನುಣ್ಣಗಿದೆ."

ಇನ್ನೊಂದು ಫೋನಿನಲ್ಲಿದ್ದ ಡಾಕ್ಟರು ಕೇಳಿದರು: "ಪೂರ್ತಿ ಔಷಧಿ ಹೊರಗೆ ಬಂದಿದೆ ಅಂತ ಹೇಳ್ತೀರಾ ಪಂಕಜಾಕ್ಷಿಯವರೇ? ಚಿಪ್ಪಿನ ಚೂರುಗಳಿಂದ ತೊಂದರೆ ಇಲ್ವಾ?"

"ಚೂರುಗಳು ಬರೀ ಸಕ್ಕರೆ. ಔಷಧಿ ಒಂದು ಮಾತ್ರೆಯಷ್ಟೇ ಇದೆ, ಹೆಚ್ಚಾಗೋಕೆ ದಾರಿಯಿಲ್ಲ. ಸ್ವಲ್ಪ ಕಡಿಮೆ ಇರಬಹುದು. ಅಳತೆ ಮಾಡಿ ಹೇಳೋ ಸಾಧನ ಅಲ್ಲಿಲ್ಲ. ನನಗೆ ಗೊತ್ತಿರೋದು ಇಷ್ಟೇ."

"ಹಾಗಾದ್ರೆ ಕೊಡಿ ಸಿಸ್ಟರ್. ಜವಾಬ್ದಾರಿ ನನ್ನದು."

ಜಯಶೀಲಾ ಆಗಲೂ ಅವಸರ ಮಾಡಲಿಲ್ಲ. ತಿಳಿಯನ್ನು ಮತ್ತೊಮ್ಮೆ ಸೋಸಿದರು, ಬೈಲಪ್ಪನವರ ಕೈಪಟ್ಟಿಯ ಹೆಸರು ಗಟ್ಟಿಯಾಗಿ ಓದಿದರು, ಡಬ್ಬಿಯ ಮೇಲಿನ ಔಷಧಿಯ ಹೆಸರನ್ನೂ ಪ್ರಮಾಣವನ್ನೂ ಅಶ್ವತ್ಥಮ್ಮನವರಿಂದ ಓದಿಸಿದರು. ಆಮೇಲೆ ನಳಿಗೆಗೆ ಹನಿ ಹನಿಯಾಗಿ ಬಿಟ್ಟರು.

ನಾಲ್ಕನೆಯ ಸೆಳೆತ ಬಂದಿತು, ಆದರೆ ಅರ್ಧಕ್ಕೇ ನಿಂತಿತು. ಐದನೆಯದು ಬರಲಿಲ್ಲ. ದಾರಿ ಬಿಟ್ಟು ಆಂಬುಲೆನ್ಸ್ ಬರುವ ಹೊತ್ತಿಗೆ ಬೈಲಪ್ಪ ಕಣ್ಣು ಬಿಟ್ಟಿದ್ದರು. ಬಲಗೈಯ ಎರಡು ಬೆರಳು ಗಾಳಿಯಲ್ಲಿ ಕಾಣದ ಎಳೆಯೊಂದನ್ನು ಹುಡುಕಿ ಎತ್ತುವಂತೆ ಆಡುತ್ತಿದ್ದವು. ನೂಲು ತೆಗೆಯುವವರ ಬೆರಳು ಹಾಗೆಯೇ. ಅದನ್ನು ಕಂಡ ಅಶ್ವತ್ಥಮ್ಮ ಬಾಗಿಲಿಗೆ ಒರಗಿ ಮೊದಲ ಬಾರಿಗೆ ಅತ್ತರು.

ಪಂಕಜಾಕ್ಷಿ ಸಂಜೆ ಮನೆಗೆ ಬಂದಾಗ ಅವರ ಗಂಡ ಶ್ರೀಕಂಠ ವರಾಂಡದಲ್ಲಿ ಮಕ್ಕಳ ಗಣಿತದ ಪುಸ್ತಕ ತಿದ್ದುತ್ತಿದ್ದರು. ಹೈಸ್ಕೂಲು ಮೇಷ್ಟ್ರು. ನಡೆದದ್ದೆಲ್ಲ ಕೇಳಿ ಕೆಂಪು ಪೆನ್ನು ಕೆಳಗಿಟ್ಟು, "ಭೇಷ್! ಒಂದು ಜೀವ ಉಳೀತಲ್ಲ ಪಂಕಜಾ. ಕಾಫಿ ಮಾಡ್ತೀನಿ," ಎಂದು ಎದ್ದರು.

"ಕೂತ್ಕೊಳ್ರೀ. ಉಳಿಸಿದ್ದು ನನ್ನ ಬೀಗ ಅಲ್ಲ. ನನ್ನ ಬೀಗ ಸೋತಿದ್ದಕ್ಕೆ ಅವರು ಉಳಿದ್ರು."

"ಅಂದ್ರೆ?"

"ಎರಡು ವರ್ಷದಿಂದ ಅರವತ್ತಮೂರು ಮನೆಯವರು ಕಲ್ಲು ಮಾತ್ರೆಗಳನ್ನ ಕಸಕ್ಕೆ ಹಾಕ್ತಾ ಇದಾರೆ. ಹಾಕಿ ಅಂತ ಹೇಳಿದ್ದು ನಾನು. ಆ ಕಸ ಎಲ್ಲಿಗೆ ಹೋಗುತ್ತೆ? ಗೊಬ್ಬರದ ಗುಂಡಿಗೆ. ಅಲ್ಲಿ ಏನಿರುತ್ತೆ? ಕಾಳು, ತೇವ, ಬೆಚ್ಚಗೆ. ಗುಂಡಿ ತುಂಬ ಮೊಳಕೆ. ಅಲ್ಲಿ ಕಸ ಆರಿಸೋ ಹೆಂಗಸರು ಬರೀ ಕೈಯಲ್ಲಿ ಕೆಲಸ ಮಾಡ್ತಾರೆ. ಹಸು ಮೇಯುತ್ತೆ. ಗೊಬ್ಬರ ಹೊಲಕ್ಕೆ ಹೋಗುತ್ತೆ."

ಶ್ರೀಕಂಠ ಕಾಫಿ ಮಾಡಲು ಒಳಗೆ ಹೋದರು. ಅಷ್ಟರಲ್ಲಿ ಸಂಸ್ಥೆಯ ನಿರ್ದೇಶಕ ವರದರಾಜ್ ಫೋನ್ ಮಾಡಿದರು. ಅವರು ಕೆಟ್ಟವರಲ್ಲ, ಪಂಕಜಾಕ್ಷಿಯವರ ಜೊತೆ ಹನ್ನೊಂದು ವರ್ಷವೂ ನಿಂತವರು. "ನೋಡಿ, ಈ ವಿಷಯ ಗೊತ್ತಿರೋದು ನಾಲ್ಕೈದು ಜನಕ್ಕೆ. ಹೊಸ ಚಿಪ್ಪು ಮಾಡೋಕೆ ಮೂರು ತಿಂಗಳು ಸಾಕಲ್ವಾ? ಅಲ್ಲೀವರೆಗೆ ಸುಮ್ಮನಿರೋಣ. ಈಗ ಹೇಳಿದ್ರೆ ಬೀಗ ತೆಗೆಯೋ ವಿದ್ಯೆ ಊರಿಗೆಲ್ಲ ಹೇಳಿಕೊಟ್ಟ ಹಾಗೆ. ಮನೆಗಳೂ ನಮ್ಮ ಕೈ ಬಿಡ್ತಾವೆ. ಯೋಚನೆ ಮಾಡಿ." ಅವರ ಮಾತಿನಲ್ಲೂ ಹುರುಳಿತ್ತು. ಬೆಳಿಗ್ಗೆ ಉತ್ತರ ಹೇಳುವುದಾಗಿ ಪಂಕಜಾಕ್ಷಿ ಫೋನಿಟ್ಟರು. ಶ್ರೀಕಂಠ ತಂದಿಟ್ಟ ಕಾಫಿ ಕೆನೆಗಟ್ಟಿತು.

ಬೆಳಿಗ್ಗೆ ಎಂಟಕ್ಕೆ ಜಯಶೀಲಾ ಫೋನ್ ಮಾಡಿದರು. ಬೈಲಪ್ಪ ಆಸ್ಪತ್ರೆಯಲ್ಲಿ ಚೆನ್ನಾಗಿದ್ದಾರೆಂದು ಹೇಳಿ, "ಮೇಡಂ, ನಿನ್ನೆಯದನ್ನೆಲ್ಲ ರಿಜಿಸ್ಟರಲ್ಲಿ ಬರೆದಿದೀನಿ," ಎಂದರು. "ಹಿಟ್ಟು ಎಷ್ಟು, ನೀರು ಎಷ್ಟು ಬಿಸಿ, ಎಷ್ಟು ಹೊತ್ತು, ಎಲ್ಲ. ಚಿಕ್ಕನಾಗಮ್ಮನವರ ಡಬ್ಬೀಲಿ ಮೂರು ಮಾತ್ರೆ ಕಡಿಮೆ ಆಗಿದೆಯಲ್ಲ, ಅದಕ್ಕೆ ಲೆಕ್ಕ ಬೇಕಲ್ಲ. ಬರೀಬಾರ್ದಿತ್ತಾ?"

ಪಂಕಜಾಕ್ಷಿಯವರಿಗೆ ಆ ಕಬ್ಬಿಣದ ಅಲಮಾರು ಕಣ್ಣಮುಂದೆ ಬಂತು. ಹೇಳಿದವರಿಲ್ಲ, ಕೇಳಿದವರಿಲ್ಲ, ಕೈ ಬರಲ್ಲ ಎಂಬ ಒಂದೇ ಕಾರಣಕ್ಕೆ ಎರಡು ವರ್ಷ ಬೀಗ ಹಾಕಿಟ್ಟ ಡಬ್ಬಿಗಳು. ತಾನು ಅದನ್ನು ಕಂಡು ನಕ್ಕಿದ್ದೂ ನೆನಪಾಯಿತು.

"ಬರೆದಿದ್ದು ಸರಿ ಸಿಸ್ಟರ್. ಅದರ ಒಂದು ಪ್ರತಿ ನನಗೆ ಕಳಿಸಿ. ಎಲ್ಲ ಮನೆಗಳಿಗೂ ಕಳಿಸಬೇಕು."

ಅಂದೇ ಅರವತ್ತನಾಲ್ಕು ಮನೆಗಳಿಗೆ ಪತ್ರ ಹೋಯಿತು. ಅದರ ಮೊದಲ ಸಾಲು: "ನಾನು ಮಾಡಿದ ಬೀಗ ಮೊಳಕೆ ರಾಗಿಯ ನೀರಿಗೆ ತೆರೆದುಕೊಳ್ಳುತ್ತದೆ." ಎರಡನೆಯದು: "ತೀರಿಕೊಂಡವರ ಮಾತ್ರೆಗಳನ್ನು ಇನ್ನು ಮುಂದೆ ಕಸಕ್ಕೆ ಹಾಕಬೇಡಿ; ಬೆಳ್ಳಕ್ಕಿಯ ಸಿಸ್ಟರ್ ಜಯಶೀಲಾ ಅವರು ಇಡುವ ಹಾಗೆ ಬೀಗ ಹಾಕಿಡಿ. ಹೇಗೆ ಎಂಬುದನ್ನು ಅವರೇ ಬರೆದಿದ್ದಾರೆ, ಜೊತೆಗಿದೆ." ಎರಡು ಬೀಗ, ಎರಡು ರುಜು, ಹಳೆಯ ನಿಯಮದಂತೆ ತಿಂಗಳಿಗೊಮ್ಮೆ ಕುಲುಮೆಗೆ. ಜೊತೆಗೆ ಪಂಕಜಾಕ್ಷಿಯವರು ತಾವೇ ಸೇರಿಸಿದ ಒಂದು ಮಾತು: ಪ್ರತಿ ಮನೆಯಲ್ಲೂ ಒಂದು ವಾರಕ್ಕಾಗುವಷ್ಟು ಚಿಪ್ಪಿಲ್ಲದ ತುರ್ತು ಮಾತ್ರೆ ಆ ಅಲಮಾರಿನಲ್ಲೇ ಇರಬೇಕು.

ವರದರಾಜ್ ಪತ್ರ ಓದಿ ಫೋನ್ ಮಾಡಿ, "ಕಸದಲ್ಲಿರೋದನ್ನ ಏನು ಮಾಡ್ತೀರಿ?" ಎಂದು ಕೇಳಿದರು.

"ಆರಿಸ್ತೀನಿ."

ಹನ್ನೊಂದು ಮನೆಗಳು ಪದ್ಧತಿಯನ್ನೇ ಬಿಟ್ಟವು. ಪತ್ರಿಕೆಯೊಂದು 'ರಾಗಿ ಮುಂದೆ ಮಂಡಿಯೂರಿದ ವಿಜ್ಞಾನಿ' ಎಂದು ಬರೆಯಿತು. ಪಂಕಜಾಕ್ಷಿ ಅದನ್ನು ಓದಿದ್ದು ಊರಾಚೆಯ ಕಸ ವಿಂಗಡಿಸುವ ಅಂಗಳದಲ್ಲಿ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು.

ನಕಲಿಯಾಗದಿರಲೆಂದು ಪ್ರತಿ ಮಾತ್ರೆಯ ಮೇಲೂ ಒಂದು ಗುರುತಿತ್ತು. ಅದು ನೇರಳಾತೀತ ದೀಪದಡಿ ಮಾತ್ರ ನೀಲಿಯಾಗಿ ಹೊಳೆಯುತ್ತದೆ. ಕಪ್ಪು ಟಾರ್ಪಾಲಿನ ಗುಡಾರ ಹಾಕಿ, ಒಳಗೆ ದೀಪ ಕಟ್ಟಿ, ಹಳೆಯ ಗೊಬ್ಬರವನ್ನು ಜರಡಿ ಹಿಡಿದರು. ಕಸ ಆರಿಸುವ ಹೆಂಗಸರಿಗೆ ಮೊದಲ ದಿನವೇ ಕೈಗವಸು ಕೊಟ್ಟು, ಯಾಕೆ ಎಂದು ಪಂಕಜಾಕ್ಷಿಯವರೇ ಕೂರಿಸಿಕೊಂಡು ಹೇಳಿದರು. ಮುಚ್ಚಿಡದೆ ಹೇಳಿದರು. ರಜೆಯ ದಿನಗಳಲ್ಲಿ ಜಯಶೀಲಾ ಬಂದರು, ಅಶ್ವತ್ಥಮ್ಮನೂ ಬಂದರು. ಭಾನುವಾರಗಳಲ್ಲಿ ಶ್ರೀಕಂಠ. ಹನ್ನೆರಡು ಊರುಗಳ ಅಂಗಳಗಳಲ್ಲಿ ಮೂರೂವರೆ ತಿಂಗಳು. ಸಿಕ್ಕ ಕಲ್ಲುಗಳು ಡ್ರಮ್ಮುಗಟ್ಟಲೆ. ಕರಗಿಹೋದವು ಎಷ್ಟೆಂದು ಯಾರಿಗೂ ತಿಳಿಯಲಿಲ್ಲ. ಮೂರು ಅಂಗಳಗಳ ಗೊಬ್ಬರವನ್ನು ಹೊಲಗಳಿಂದ ವಾಪಸು ತರಿಸಿ ಕುಲುಮೆಗೆ ಕಳಿಸಿದರು. ಯಾರಿಗೂ ಕೇಡಾದ ವರದಿ ಬರಲಿಲ್ಲ. ಅದು ತಮ್ಮ ಜಾಣತನವಲ್ಲ, ಅದೃಷ್ಟ ಎಂದು ಪಂಕಜಾಕ್ಷಿ ಕೊನೆಯ ವರದಿಯಲ್ಲಿ ಬರೆದರು.

ಮಧ್ಯೆ ಹೊಸ ಚಿಪ್ಪೂ ತಯಾರಾಗುತ್ತಿತ್ತು. ಈ ಸಲ ಪರೀಕ್ಷೆಯ ಪಟ್ಟಿ ಬರೆಯಲು ಪಂಕಜಾ‍ಕ್ಷಿ ಕೂತದ್ದು ಅಶ್ವತ್ಥಮ್ಮನವರ ಎದುರಿಗೆ. ಸಂಸ್ಥೆಯ ಕಾರು ಪ್ರತಿ ಬುಧವಾರ ಅವರನ್ನು ಹೊಸಕೋಟೆಗೆ ಕರೆತರುತ್ತಿತ್ತು. ಅವರು ಬಂದರೆಂದರೆ ಪ್ರಯೋಗಾಲಯಕ್ಕೆ ಅಡುಗೆಮನೆಯ ವಾಸನೆ. ಹೆಸರುಕಾಳಿನ ಮೊಳಕೆ, ಹುರುಳಿಯ ಮೊಳಕೆ, ಹುಳಿ ಬಂದ ದೋಸೆ ಹಿಟ್ಟು, ಮೂರು ದಿನದ ಮಜ್ಜಿಗೆ, ಪರಂಗಿಕಾಯಿಯ ಹಾಲು, ಅಂಬಲಿ, ನೆನೆಸಿದ ಮೆಂತ್ಯ. "ನೀವು ನಲವತ್ತೊಂದು ಅಂದ್ರಲ್ಲ, ಅದ್ರಾಗೆ ಅರ್ಧ ಯಾರೂ ಕುಡಿಯೋ ಸಾಮಾನೇ ಅಲ್ಲ," ಎಂದು ಅವರು ಹಳೆಯ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದ್ದರು. ಮೊದಲ ಚಿಪ್ಪು ಪರಂಗಿಗೆ ಬಿತ್ತು, ಎರಡನೆಯದು ಹುರುಳಿಗೆ. ಮೂರನೆಯದು ತಡೆಯಿತು. ತೊಂಬತ್ತೆಂಟು ಪರೀಕ್ಷೆ ಮುಗಿದರೂ ತಡೆಯಿತು.

ಅಕ್ಟೋಬರಿನಲ್ಲಿ ವರದರಾಜ್ ಖುದ್ದಾಗಿ ಪ್ರಯೋಗಾಲಯಕ್ಕೆ ಬಂದರು. "ಬಿಟ್ಟುಹೋದ ಹನ್ನೊಂದು ಮನೇಲಿ ಒಂಬತ್ತು ಮನೆಯವರು ವಾಪಸು ಬರ್ತೀವಿ ಅಂತಿದಾರೆ. ತಪ್ಪನ್ನ ತಾವೇ ಬಂದು ಹೇಳೋರ ಹತ್ರ ವ್ಯವಹಾರ ಮಾಡಬಹುದು ಅಂತ ಒಬ್ಬರು ಬರೆದಿದಾರೆ. ಹಿಂದಿನ ಸಲ ನಾನು ಹೇಳಿದ್ದು ತಪ್ಪಾಯ್ತು. ಈಗ ಹೇಳಿ, ಮುಂದಿನ ವಾರ ಬಿಡುಗಡೆ ಮಾಡೋಣವಾ?"

ಪಂಕಜಾಕ್ಷಿ ಅಶ್ವತ್ಥಮ್ಮನವರತ್ತ ತಿರುಗಿದರು. ಅವರು ಸಿಂಕಿನ ಬಳಿ ತಮ್ಮ ಪಾತ್ರೆಗಳನ್ನು ತೊಳೆದು ಬೋರಲು ಹಾಕುತ್ತಿದ್ದರು.

"ಎಲ್ಲ ಆಯ್ತಾ ಅಶ್ವತ್ಥಮ್ಮನವರೇ? ಇನ್ನೇನಾದ್ರೂ ಉಳಿದಿದೆಯಾ?"

ಅಶ್ವತ್ಥಮ್ಮ ಕೈ ಒರೆಸಿಕೊಂಡು ಯೋಚಿಸಿದರು. "ಒಂದೈತೆ. ಅವರೆಕಾಳು. ನಮ್ಮ ಕಡೆ ಹಿದುಕಿದ ಬೇಳೆ ಮಾಡೋಕೆ ರಾತ್ರಿಯೆಲ್ಲ ನೆನೆ ಹಾಕ್ತೀವಲ್ಲ, ಆ ನೀರು ಬೆಳಿಗ್ಗೆಗೆ ಲೋಳೆ ಲೋಳೆ ಆಗಿರ್ತದೆ. ಅದನ್ನ ನೋಡಿಲ್ಲ ನಾವು."

"ಹಾಗಾದ್ರೆ ನಾಳೆ ತರಿಸಿ ನೋಡೋಣ," ಎಂದರು ವರದರಾಜ್.

"ಈಗೆಲ್ಲಿ ಸಿಗ್ತದೆ ಸಾಮಿ? ಒಣಗಿದ ಕಾಳು ಬೇರೆ, ಹಸೀ ಕಾಳು ಬೇರೆ. ಸೊಗಡು ಬರಬೇಕು ಅಂದ್ರೆ ಮಂಜು ಬೀಳಬೇಕು. ಡಿಸೆಂಬರ್ ಬರ್ಲಿ."

ವರದರಾಜ್ ಪಂಕಜಾಕ್ಷಿಯವರ ಮುಖ ನೋಡಿದರು. ಪಂಕಜಾಕ್ಷಿ ಆಗಲೇ ಮೇಜಿನ ಮೇಲಿದ್ದ ಬಿಡುಗಡೆಯ ಕಡತವನ್ನು ಹತ್ತಿರ ಎಳೆದುಕೊಂಡಿದ್ದರು. ತಾರೀಖಿನ ಜಾಗದಲ್ಲಿ ಟೈಪು ಮಾಡಿದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೈಯಿಂದ ಬರೆದು ರುಜು ಮಾಡಿದರು:

"ಅವರೆ ಕಾಲ ಮುಗಿದ ಮೇಲೆ."